ಶಶಿಪ್ರಭಾ ಮೇಡಂ ಬರೆದ ಕಳ್ಳನ ದಾರಿಗಳು

ಶಶಿಪ್ರಭಾ ರೈ ಅವರ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಶಿಕ್ಷೆ. ಕೊಟ್ಟಾರದಲ್ಲಿ ಹತ್ತಿ ಹಂಪನಕಟ್ಟೆಯಲ್ಲಿ ಇಳಿಯುವುದರೊಳಗೆ ಅವರು ಕಂಡಕ್ಟರನನ್ನು ಕರೆದು, ಟಿಕೆಟ್ ಇಲ್ಲದೆ ಅವನ ಬಸ್ಸಿನಲ್ಲಿ ಹೇಗೆಲ್ಲ ಪ್ರಯಾಣ ಮಾಡಬಹುದು ಎಂದು ವಿವರಿಸುತ್ತಿದ್ದರು. ಆ ಮನುಷ್ಯ ಮೊದಲ ಸಲ ನಕ್ಕ. ಎರಡನೆಯ ಸಲ ಸಂಶಯದಿಂದ ನೋಡಿದ. ಆಮೇಲೆ ಇವರು ಮುಂದಿನ ಬಾಗಿಲಲ್ಲಿ ಹತ್ತಿದರೆ ಸಾಕು, ಅವನು ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಮದುವೆಗೆ ಹೋದರೂ ಇದೇ ಕತೆ. ಕರೆಯದವರು ಬಂದು ಊಟ ಮಾಡಿ ಹೋಗಲು ಯಾವ ಬಾಗಿಲು ಅನುಕೂಲ ಎಂದು ಹುಡುಗಿಯ ತಂದೆಗೆ ಹೇಳುವುದು, ಅದೂ ಧಾರೆಯ ಹೊತ್ತಿಗೆ.

ಇದು ಕೆಟ್ಟ ಬುದ್ಧಿಯಲ್ಲ, ಹುಟ್ಟುಗುಣ. ಅವರದು ಗದ್ದೆಗಳಿದ್ದ ಬಂಟರ ಮನೆ. ಭೂಸುಧಾರಣೆಯಲ್ಲಿ ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ಅಣ್ಣಂದಿರು ಬೊಂಬಾಯಿಯ ಹೋಟೆಲುಗಳಿಗೆ ಹೋದರು, ಇವರು ಗಣಿತ ಕಲಿತರು. ಕೆಲಕಾಲ ಕಾಲೇಜಿನಲ್ಲಿ ಪಾಠ ಮಾಡಿದರು. ಆಮೇಲೆ ಬೊಂಬಾಯಿಗೆ ಹೋಗಿ ಕಂಪ್ಯೂಟರಿನ ತರಬೇತಿ ಪಡೆದು ಬಂದು, ೧೯೭೮ರಲ್ಲಿ ಕೊಟ್ಟಾರದ ನಮ್ಮ ಗಣಕ ಕೇಂದ್ರಕ್ಕೆ ಸೇರಿದರು. ಮದುವೆಯಾಗಲಿಲ್ಲ. "ಬಂದ ಗಂಡುಗಳಿಗೆಲ್ಲ ಇವಳೇ ಪರೀಕ್ಷೆ ಇಟ್ಟಳು, ಒಬ್ಬನೂ ಪಾಸಾಗಲಿಲ್ಲ" ಎಂದು ಅವರ ತಾಯಿ ರತ್ನಾವತಿಯಮ್ಮ ನನ್ನಲ್ಲೇ ದೂರಿದ್ದುಂಟು. ನಾನು ಮ್ಯಾಕ್ಸಿಮ್, ಅದೇ ಕೇಂದ್ರದಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದವನು.

ಕೇಂದ್ರವೆಂದರೆ ಹೆದ್ದಾರಿಯ ಬದಿಯ ಒಂದು ಕಟ್ಟಡದ ಮಾಳಿಗೆ. ಬೇರೆಯವರ ಲೆಕ್ಕಾಚಾರಗಳನ್ನು ಯಂತ್ರದಲ್ಲಿ ಮಾಡಿಕೊಡುವುದು ನಮ್ಮ ಕಸುಬು. ಅದರಲ್ಲಿ ದೊಡ್ಡ ಕೆಲಸ ಒಂದು ಪರೀಕ್ಷಾ ಮಂಡಳಿಯದು. ಸಾವಿರಾರು ಮಕ್ಕಳ ಅಂಕಗಳು ಹಾಳೆಗಳಲ್ಲಿ ಬರುತ್ತಿದ್ದವು. ನಾವು ಅವನ್ನು ಯಂತ್ರಕ್ಕೆ ತುಂಬಿಸಿ ಫಲಿತಾಂಶ ಮುದ್ರಿಸಿ ಕೊಡುತ್ತಿದ್ದೆವು. ಏಸಿ ಹಾಕಿದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಒಳಗೆ ಸಾಲಾಗಿ, ಪರದೆ ಮತ್ತು ಕೀಲಿಗಳಿರುವ ಟರ್ಮಿನಲ್‌ಗಳು. ಒಂದೊಂದರ ಮುಂದೆ ಒಬ್ಬೊಬ್ಬರು, ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್. ಆ ಪಾಸ್‌ವರ್ಡ್ ಎಲ್ಲಿಯೂ ಬರೆದಿಡಬಾರದು, ಗಂಡನಿಗೂ ಹೇಳಬಾರದು ಎಂಬುದು ಶಶಿಪ್ರಭಾ ಅವರ ಕಟ್ಟಪ್ಪಣೆ.

ಗೋಡೆಯಲ್ಲಿ ಅವರದೊಂದು ಚಿತ್ರ ಇತ್ತು. ಮುದ್ರಣದ ಉದ್ದ ಕಾಗದದ ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿದ ಚಿತ್ರ. ಎಲ್ಲಕ್ಕಿಂತ ಮೇಲೆ ಒಂದು ಚೌಕದಲ್ಲಿ ಕಳ್ಳನ ಆಸೆ: 'ಅಂಕ ಬದಲಾಗಬೇಕು.' ಅದರಿಂದ ಕೆಳಗೆ ಕವಲೊಡೆದು ಅವನ ದಾರಿಗಳು. ಹಾಳೆ ಬರುವಾಗಲೇ ತಿದ್ದಬಹುದು, ತುಂಬಿಸುವಾಗ ತಿದ್ದಬಹುದು, ಮುದ್ರಿಸಿದ ಮೇಲೆ ತಿದ್ದಬಹುದು. ಒಂದೊಂದು ದಾರಿಗೂ ಏನೇನು ಬೇಕೆಂದು ಅದರ ಕೆಳಗೆ ಮತ್ತೆ ಚೌಕಗಳು. ತುಂಬಿಸುವಾಗ ತಿದ್ದಲು ಕೋಣೆಯ ಒಳಗೆ ಬರಬೇಕು, ಪಾಸ್‌ವರ್ಡೂ ಗೊತ್ತಿರಬೇಕು. ಎರಡರಲ್ಲಿ ಒಂದಿದ್ದರೆ ಸಾಲದು. ಪ್ರತಿ ಚೌಕದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಮ್ಮ ಕಾವಲು ಏನೆಂದು ಬರೆದಿರುತ್ತಿತ್ತು. ಕೆಂಪು ಶಾಯಿ ಇಲ್ಲದ ಚೌಕ ಕಂಡರೆ ಅವರಿಗೆ ಅಂದು ಊಟ ಸೇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆ ಚಿತ್ರದ ಮುಂದೆ ಆಟ. ಒಬ್ಬ ಕಳ್ಳ, ಒಬ್ಬ ಕಾವಲು. ಕಳ್ಳ ಹೊಸ ಉಪಾಯ ಹೇಳಬೇಕು, ಕಾವಲಿನವನು ಅದಕ್ಕೆ ತಡೆ ಹೇಳಬೇಕು. ಕಳ್ಳನಾಗುವುದರಲ್ಲಿ ನಾನು ಹೆಸರು ಮಾಡಿದ್ದೆ. ಕಾವಲಿಗೆ ನನ್ನ ಎದುರು ನಿಲ್ಲುತ್ತಿದ್ದವಳು ಜೂಲಿ. ಅಂಕ ತುಂಬಿಸುವವರಲ್ಲಿ ಅವಳಷ್ಟು ಚುರುಕು ಬೇರೆ ಯಾರೂ ಇರಲಿಲ್ಲ. ಶಶಿಪ್ರಭಾ ಅವರ ಪಕ್ಕದ ಟರ್ಮಿನಲ್ ಅವಳದು. ಮನೆ ಬಿಜೈಯಲ್ಲಿ, ತಾಯಿ ಮತ್ತು ಅವಳು ಇಬ್ಬರೇ.

ನಮ್ಮ ಮ್ಯಾನೇಜರ್ ತಾರಾನಾಥ ಆಳ್ವರಿಗೆ ಈ ಚಿತ್ರವೆಂದರೆ ಇರಿಸುಮುರಿಸು. "ಇಲ್ಲಿ ಕಳ್ಳರು ಯಾರಿದ್ದಾರೆ ಮಾರಾಯ್ತಿ? ಎಲ್ಲ ನಮ್ಮವರೇ ಅಲ್ವಾ?" ಎನ್ನುತ್ತಿದ್ದರು.

"ನಾನು ಜನರ ಹೆಸರು ಬರೆಯುವುದಿಲ್ಲ ಸರ್, ಕುರ್ಚಿ ಮಾತ್ರ ಬರೆಯುವುದು" ಎಂದು ಶಶಿಪ್ರಭಾ ಹೇಳುತ್ತಿದ್ದರು. "ಈ ಕುರ್ಚಿಯಲ್ಲಿ ಕೂತವರಿಗೆ ಎಂತ ಮಾಡ್ಲಿಕ್ಕೆ ಆಗ್ತದೆ ಅಂತ ನೋಡುವುದು. ಕೂತದ್ದು ಯಾರು ಅಂತ ನೋಡ್ಲಿಕ್ಕೆ ಇಲ್ಲ. ನೋಡಿದರೆ ಕಣ್ಣು ಕಟ್ಟಿದ ಹಾಗೆ ಆಗ್ತದೆ."

ಆಗ ನನಗೆ ಅದು ಭಾರಿ ಬುದ್ಧಿವಂತಿಕೆಯ ಮಾತೆಂದು ಕಂಡಿತ್ತು.

೧೯೮೪ರ ಆಯುಧಪೂಜೆ ಬಂತು. ಮಂಗಳೂರಿನಲ್ಲಿ ಅಂದು ಪೂಜೆ ಇಲ್ಲದ ಯಂತ್ರ ಇರುವುದಿಲ್ಲ. ಬಸ್ಸು, ಮಗ್ಗ, ಹೊಲಿಗೆ ಮಿಷನ್, ಆಸ್ಪತ್ರೆಯ ಎಕ್ಸ್‌ರೇ, ಎಲ್ಲಕ್ಕೂ ಹೂವು. ನಮ್ಮಲ್ಲಿಯೂ ಹಾಗೆಯೇ. ಪೂಜೆ ಮಾಡುತ್ತಿದ್ದವನು ಅಟೆಂಡರ್ ಗುರುವಪ್ಪ. ವರ್ಷವಿಡೀ ಯಾರಿಗೂ ಕಾಣದ ಹಾಗೆ ಇರುತ್ತಿದ್ದ ಅವನು ಅಂದು ಬಿಳಿ ಮುಂಡು ಉಟ್ಟು ಮ್ಯಾನೇಜರರಿಗೇ ಆಜ್ಞೆ ಮಾಡುತ್ತಿದ್ದ. ನಾವು ಕ್ರಿಶ್ಚಿಯನ್ನರೂ ಬಾಗಿಲಿಗೆ ಮಾವಿನೆಲೆ ಕಟ್ಟಿ, ಪ್ರಸಾದದ ಅವಲಕ್ಕಿಗೆ ಮೊದಲ ಸಾಲಿನಲ್ಲೇ ಇರುತ್ತಿದ್ದೆವು.

ಪೂಜೆಗೆ ಕರೆಯುವಾಗ ಜೂಲಿ ಸಪ್ಲಿಮೆಂಟರಿ ಪರೀಕ್ಷೆಯ ತಿದ್ದುಪಡಿ ಮಾಡುತ್ತಿದ್ದಳು. ಒಬ್ಬ ಹುಡುಗಿಯ ಹೆಸರಿನಲ್ಲಿದ್ದ ತಪ್ಪನ್ನು ಸರಿಪಡಿಸಿ ಏಳಲು ಹೊರಟಳು. ಟರ್ಮಿನಲ್ ಆರಿಸಲು ಕೈ ಚಾಚಿದಾಗ ಆಳ್ವರು ತಡೆದರು.

"ಆರಿಸಬೇಡ ಜೂಲಿ. ಕತ್ತಲೆ ಮುಖಕ್ಕೆ ಆರತಿ ಎತ್ತುವುದಾ? ಬೆಳಕು ಇರ್ಲಿ."

ಹಾಗೆ ಎಲ್ಲ ಟರ್ಮಿನಲ್‌ಗಳೂ ಹಸಿರಾಗಿ ಉರಿಯುತ್ತಲೇ ಕೂತವು. ಗುರುವಪ್ಪ ಅವುಗಳ ಮುಖದ ತುಂಬ ಗೊಂಡೆ ಹೂವಿನ ಮಾಲೆ ಹಾಕಿದ, ಕುಂಕುಮ ಹಚ್ಚಿದ, ತೆಂಗಿನಕಾಯಿ ಒಡೆದ, ಜಾಗಟೆ ಬಾರಿಸಿದ. ಪೂಜೆಗೆ ಇಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದಲ್ಲ, ಎಲ್ಲವನ್ನೂ ಹಾಗೆಯೇ ಬಿಟ್ಟು ಕೆಳಗಿಳಿದು ಪಾಯಸ ಕುಡಿದೆವು. ಗೋಡೆಯ ಚಿತ್ರಕ್ಕೂ ಗುರುವಪ್ಪ ಒಂದು ಬೊಟ್ಟು ಕುಂಕುಮ ಇಟ್ಟಿದ್ದ.

ಕೆಲವು ವಾರಗಳ ಮೇಲೆ ಮಂಡಳಿಯ ಕಾರ್ಯದರ್ಶಿಯೇ ಕಾರಿನಲ್ಲಿ ಬಂದಿಳಿದರು. ಫಲಿತಾಂಶ ಪ್ರಕಟಿಸುವ ಮೊದಲು ಮೂಲ ಹಾಳೆಗಳೊಂದಿಗೆ ಹೋಲಿಸಿ ನೋಡಿದಾಗ ಒಬ್ಬ ಹುಡುಗಿಯ ಕೊನೆಯ ಪೇಪರಿನ ಅಂಕ ಬದಲಾಗಿತ್ತು. ಹಾಳೆಯಲ್ಲಿ ಇಪ್ಪತ್ತೆರಡು, ಯಂತ್ರದಲ್ಲಿ ಐವತ್ತೈದು. ಫೇಲಾದವಳು ಪಾಸಾಗಿದ್ದಳು. ಯಂತ್ರವನ್ನು ಕೇಳಿದರೆ ಅದು ಹೇಳಿದ್ದು ಎರಡೇ ಸಂಗತಿ: ಬದಲಾದದ್ದು ಆಯುಧಪೂಜೆಯ ದಿನ, ಬದಲಾಯಿಸಲು ಬಳಕೆಯಾದದ್ದು ಜೂಲಿಯ ಪಾಸ್‌ವರ್ಡ್. ಸಾಲದ್ದಕ್ಕೆ ಆ ಹುಡುಗಿ ಜೂಲಿ ಪ್ರಾರ್ಥನೆಗೆ ಹೋಗುವ ಇಗರ್ಜಿಯವಳೇ.

"ಬುದ್ಧಿವಂತ ಕೆಲಸ. ತೊಂಬತ್ತು ಹಾಕಿದರೆ ಯಾರಿಗಾದರೂ ಗೊತ್ತಾಗ್ತದೆ. ಬೇಕಾದಷ್ಟೇ ಹಾಕಿದ್ದು" ಎಂದರು ಕಾರ್ಯದರ್ಶಿ.

ಆಳ್ವರು ಗೋಡೆಯ ಚಿತ್ರ ಬಿಚ್ಚಿ ತಂದು ಮೇಜಿನ ಮೇಲೆ ಹಾಸಿದರು. ಇಷ್ಟು ದಿನ ಬೇಡವಾಗಿದ್ದ ಚಿತ್ರ ಈಗ ಬೇಕಾಯಿತು! ಒಂದೊಂದು ದಾರಿಯ ಮೇಲೂ ಬೆರಳಿಟ್ಟು ತೋರಿಸಿದರು. ಇಲ್ಲಿ ಕಾವಲುಂಟು, ಇಲ್ಲಿ ಕಾವಲುಂಟು, ಇಲ್ಲಿಯೂ ಉಂಟು. ಕೊನೆಗೆ ಉಳಿದದ್ದು ಒಂದೇ ಕುರ್ಚಿ. ಜೂಲಿ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಕೆಲಸದಿಂದ ತೆಗೆಯುವುದು, ಪೊಲೀಸರಿಗೆ ದೂರು ಕೊಡುವುದು ಎಂದು ಮಾತಾಯಿತು. ನನಗೆ ಮೈ ಉರಿದುಹೋಯಿತು. ಶಶಿಪ್ರಭಾ ಮಾತ್ರ ಚಿತ್ರವನ್ನೇ ನೋಡುತ್ತಿದ್ದರು.

"ಜೂಲಿ, ಪೂಜೆಯ ಮರುದಿನ ಬೆಳಿಗ್ಗೆ ನಿನ್ನ ಸ್ಕ್ರೀನಿನಲ್ಲಿ ಎಂತ ಇತ್ತು?" ಎಂದು ಕೇಳಿದರು.

"ತಪ್ಪು ನಂಬರ್, ಸರಿಯಾದ ನಂಬರ್ ಕೊಡಿ ಅಂತ ಇತ್ತು ಮೇಡಂ. ನಾನು ಅಳಿಸಿ ಕೆಲಸ ಸುರು ಮಾಡಿದೆ."

"ಹಿಂದಿನ ದಿನ ಎದ್ದು ಹೋಗುವಾಗ?"

"ಆ ಹುಡುಗಿಯದ್ದೇ ಇತ್ತು. ಕರ್ಸರ್ ಕೊನೆಯ ಪೇಪರಿನ ಅಂಕದಲ್ಲಿ ನಿಂತಿತ್ತು."

ಅಂದರೆ ಜೂಲಿ ಎದ್ದ ಮೇಲೆ ಆ ಟರ್ಮಿನಲ್ ಕೆಲಸ ಮಾಡಿತ್ತು. ಶಶಿಪ್ರಭಾ ಕಾರ್ಯದರ್ಶಿಯವರಿಗೆ ಬಿಡಿಸಿ ಹೇಳಿದರು. ಪೂಜೆಯ ದಿನ ಟರ್ಮಿನಲ್ ಆರಿಸಿರಲಿಲ್ಲ. ಆರಿಸದ ಟರ್ಮಿನಲ್‌ಗೆ ಪಾಸ್‌ವರ್ಡ್ ಬೇಡ. ಕೋಣೆಯ ಬಾಗಿಲೂ ತೆರೆದಿತ್ತು, ಕೆಳಗಿನ ಅಂಗಡಿಯವರೂ ಬಂದು ಕೈಮುಗಿದು ಹೋಗಿದ್ದರು. "ನನ್ನ ಚಿತ್ರದಲ್ಲಿ ವರ್ಷದ ಎಲ್ಲ ದಿನವೂ ಒಂದೇ ಹಾಗೆ. ಆ ಒಂದು ದಿನ ನಾವೇ ಎಲ್ಲ ಕಾವಲನ್ನೂ ತೆಗೆದು ದೇವರ ಮುಂದೆ ಇಟ್ಟದ್ದು ಇದರಲ್ಲಿ ಇಲ್ಲ. ಯಾರಿಗೆ ಬೇಕಾದರೂ ಸಾಧ್ಯ ಇತ್ತು."

"ಹಾಗಾದರೆ ಜೂಲಿ ಮಾಡಿಲ್ಲ ಅಂತ ನೀವು ಹೇಳುವುದಾ?" ಎಂದರು ಕಾರ್ಯದರ್ಶಿ.

"ಅದು ನನಗೆ ಗೊತ್ತಿಲ್ಲ. ಅವಳೇ ಮಾಡಿದ್ದು ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಅಂತ ಮಾತ್ರ ಗೊತ್ತುಂಟು."

ಪೊಲೀಸರ ಮಾತು ಅಲ್ಲಿಗೆ ನಿಂತಿತು. ಆದರೆ ಹೊರಗೆ ಜೂಲಿಯ ತಾಯಿ ಗೆರ್ಟ್ರೂಡ್ ಬಾಯಿ ಕಾಯುತ್ತಿದ್ದರು. ಯಾರೋ ಸುದ್ದಿ ಮುಟ್ಟಿಸಿದ್ದರು. ಶಶಿಪ್ರಭಾ ಹೊರಗೆ ಬಂದದ್ದೇ ಅವರ ಕೈ ಹಿಡಿದುಕೊಂಡು, "ನನ್ನ ಮಗಳು ಅಂಥದ್ದು ಮಾಡ್ಲಿಕ್ಕಿಲ್ಲ, ಅಲ್ವಾ ಮೇಡಂ?" ಎಂದು ಕೇಳಿದರು.

ಹೌದು ಎನ್ನಲು ಎಷ್ಟು ಹೊತ್ತು ಬೇಕು? ಶಶಿಪ್ರಭಾ ಎನ್ನಲಿಲ್ಲ. "ನನಗೆ ಗೊತ್ತಿಲ್ಲ ಅಮ್ಮ. ನೋಡ್ತಾ ಇದ್ದೇನೆ" ಎಂದರು. ಗೆರ್ಟ್ರೂಡ್ ಬಾಯಿ ಮೆಲ್ಲಗೆ ಕೈ ಬಿಟ್ಟರು. ನನಗೆ ಆ ಹೊತ್ತಿಗೆ ಶಶಿಪ್ರಭಾ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ. ಗಣಿತ ಕಲಿತರೆ ಮನುಷ್ಯತ್ವ ಬಿಡಬೇಕೆಂದು ಎಲ್ಲಿ ಬರೆದಿದೆ?

ಮುಂದಿನ ದಿನಗಳು ಯಾರಿಗೂ ಬೇಡ. ಶಶಿಪ್ರಭಾ ಒಬ್ಬೊಬ್ಬರನ್ನೇ ಕರೆದು, ಪೂಜೆಯ ದಿನ ನೀವು ಎಲ್ಲಿದ್ದಿರಿ, ಯಾರು ಮೇಲೆ ಹೋದರು ಎಂದು ಕೇಳಿದರು. ನನ್ನನ್ನೂ ಬಿಡಲಿಲ್ಲ. ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡತೊಡಗಿದೆವು. ಜೂಲಿಯನ್ನು ಅಂಕದ ಕೆಲಸದಿಂದ ಬಿಡಿಸಿ ಕಾಗದ ಮಡಚಲು ಕೂರಿಸಿದ್ದರು. ಊಟಕ್ಕೆ ಅವಳ ಪಕ್ಕದಲ್ಲಿ ಕೂರುವವರು ಕಡಿಮೆಯಾದರು.

ಕೊನೆಗೆ ಶಶಿಪ್ರಭಾ ಇನ್ನೊಂದು ಪಟ್ಟು ಹಿಡಿದರು. ಪೂಜೆಯ ದಿನ ಯಾರು ಎಲ್ಲಿ ನಿಂತಿದ್ದರೋ ಅಲ್ಲಿಯೇ ನಿಂತು, ಎಲ್ಲವನ್ನೂ ಇನ್ನೊಮ್ಮೆ ಮಾಡಿ ತೋರಿಸಬೇಕು. ಅದೇ ಹುಡುಗಿಯ ದಾಖಲೆಯ ಪ್ರತಿಯೊಂದನ್ನು ತೆರೆದು, ಜೂಲಿಯನ್ನು ಆ ಕುರ್ಚಿಯಿಂದ ಎಬ್ಬಿಸಿದರು. ಕಳ್ಳ ಯಾವ ಹೊತ್ತಿಗೆ, ಯಾರ ಬೆನ್ನ ಹಿಂದಿನಿಂದ ಬಂದಿರಬಹುದು ಎಂದು ನೋಡುವುದು ಅವರ ಉದ್ದೇಶ. ಆಳ್ವರು ಗೊಣಗುತ್ತಾ ಬಂದು ನಿಂತರು.

"ದೇವರಿಲ್ಲದೆ ಪೂಜೆಯ ನಾಟಕ ಮಾಡಿದರೆ ದೋಷ ಬರ್ತದೆ ಅಮ್ಮ" ಎಂದ ಗುರುವಪ್ಪ.

"ದೋಷ ನನಗಿರ್ಲಿ. ನೀನು ಇಟ್ಟ ಹಾಗೆಯೇ ಇಡು."

ಗುರುವಪ್ಪ ಮಾಲೆ ಹಾಕಿದ. ಹೂವು ಇಟ್ಟ. ಒಡೆದ ತೆಂಗಿನಕಾಯಿಯ ಒಂದು ಹೋಳು ತೆಗೆದು, ನೀರು ಚೆಲ್ಲದ ಹಾಗೆ ಒರೆಸಿ, ಜೂಲಿಯ ಟರ್ಮಿನಲ್‌ನ ಕೀಲಿಗಳ ಬಲಬದಿಯಲ್ಲಿ, ಅಂಕಿಗಳು ಇರುವಲ್ಲಿ, ಭಕ್ತಿಯಿಂದ ಇಟ್ಟ. ಹೋಳಿನ ಬೆನ್ನು ದುಂಡಗೆ. ಅದು ಒಂದಿಷ್ಟು ಓಲಾಡಿ, ನಡುವಿನ ಕೀಲಿಯ ಮೇಲೆ ಭಾರ ಬಿಟ್ಟು ನಿಂತಿತು. ನಡುವಿನ ಕೀಲಿ ಐದು.

ಟರ್ಮಿನಲ್ ಕೀಂಯ್ ಎಂದಿತು. ಪೂಜೆಯ ದಿನ ಜಾಗಟೆಯ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಶಶಿಪ್ರಭಾ ಮಾಲೆ ಸರಿಸಿದರು. ಒತ್ತಿ ಹಿಡಿದ ಕೀಲಿ ಐದು, ಐದು ಎಂದು ಹೊಡೆದಿತ್ತು. ಎರಡು ಅಂಕಿ ತುಂಬಿದ ಕೂಡಲೇ ಅಂಕ ತಾನಾಗಿ ದಾಖಲಾಗುವ ವ್ಯವಸ್ಥೆ ನಮ್ಮದೇ. ಆಮೇಲೆ ಯಂತ್ರ ಮುಂದಿನ ವಿದ್ಯಾರ್ಥಿಯ ನಂಬರ್ ಕೇಳಿತು, ಅಲ್ಲಿಗೂ ಐದೇ ಬಿತ್ತು. ಅಂಥ ನಂಬರ್ ಇಲ್ಲ, ತಪ್ಪು ಎಂದು ಯಂತ್ರ ನಿಂತಿತು. ಆ ಹುಡುಗಿಯ ದಾಖಲೆಯಲ್ಲಿ ಈಗ ಐವತ್ತೈದು.

ಕಳ್ಳನೇ ಇರಲಿಲ್ಲ. ಎಲ್ಲರ ಕಣ್ಣೆದುರು, ದೀಪ ಹಚ್ಚಿ, ಮಂಗಳಾರತಿ ಎತ್ತಿ ನಡೆದ ಕೆಲಸ. ಆಳ್ವರು ಮೊದಲು ನಕ್ಕರು, ಮತ್ತೆ ಎಲ್ಲರೂ ನಕ್ಕೆವು. ಗುರುವಪ್ಪ ತನ್ನಿಂದ ಹೀಗಾಯಿತಲ್ಲ ಎಂದು ಕಣ್ಣೊರೆಸಿಕೊಂಡ. ಜೂಲಿ ನಗಲಿಲ್ಲ, ಅಳಲೂ ಇಲ್ಲ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿ ಮನೆಗೆ ಹೋದಳು. ಶಶಿಪ್ರಭಾ ಮಾತ್ರ ಚಿತ್ರದ ಮೇಲಿನ ಚೌಕವನ್ನೇ ನೋಡುತ್ತಾ, "ಎಲ್ಲ ಗೆರೆಯೂ ಆಸೆಯಿಂದ ಸುರು ಮಾಡಿದೆ ಮ್ಯಾಕ್ಸಿಮ್. ತೆಂಗಿನಕಾಯಿಗೆ ಎಂತ ಆಸೆ?" ಎಂದರು.

ಮರುದಿನ ಚಿತ್ರ ಹೊಸದಾಯಿತು. ಕಳ್ಳನ ಆಸೆಯ ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೊಂದು ಚೌಕ: 'ಯಾರೂ ಬಯಸದೆ ಆದದ್ದು.' ಅದರ ಕೆಳಗೆ ನಿದ್ದೆ, ಗಡಿಬಿಡಿ, ಇಲಿ, ಕರೆಂಟು, ಪೂಜೆ ಎಂದು ದಾರಿಗಳು ಇಳಿದವು. ಮುಂದಿನ ವರ್ಷಗಳಲ್ಲಿ ಬೇರೆ ಊರಿನವರೂ ಬಂದು ಆ ಚಿತ್ರ ನೋಡಿ ಬರೆದುಕೊಂಡು ಹೋದರು. ಆ ಕೆಲಸ ಶಶಿಪ್ರಭಾ ಅವರಿಗೆ ಹೆಸರು ತಂದಿತು, ಸಂತೋಷ.

ಜೂಲಿಗೆ ಅವಳ ಕುರ್ಚಿ ತಿರುಗಿ ಸಿಕ್ಕಿತು. ಕೆಲಸದಲ್ಲಿ ಹುಳುಕು ಹುಡುಕಿದರೂ ಸಿಗದು. ಆದರೆ ಶನಿವಾರದ ಆಟಕ್ಕೆ ಅವಳು ಮತ್ತೆ ಬರಲಿಲ್ಲ. ಪಕ್ಕದಲ್ಲೇ ಕೂತ ಶಶಿಪ್ರಭಾ ಅವರೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಊರಿನ ಬಾಯಿಯೂ ವಿಚಿತ್ರ. ಅಂಕದ ಗಲಾಟೆ ಎಲ್ಲರಿಗೂ ನೆನಪಿತ್ತು, ತೆಂಗಿನಕಾಯಿಯ ಸುದ್ದಿ ಬಿಜೈ ದಾಟಲಿಲ್ಲ.

೧೯೮೬ರಲ್ಲಿ ಜೂಲಿ ಪಣಂಬೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಅರ್ಜಿ ಹಾಕಿದಳು. ಅಲ್ಲಿಯ ಅಧಿಕಾರಿ ಜಯಪಾಲ ಎಂಬವರು ವಿಚಾರಿಸಲು ನಮ್ಮಲ್ಲಿಗೇ ಬಂದರು. ಜೂಲಿ ಊಟಕ್ಕೆ ಹೋಗಿದ್ದಳು, ನಾನು ಅಲ್ಲೇ ಒಂದು ಟರ್ಮಿನಲ್ ಬಿಚ್ಚಿಕೊಂಡು ಕೂತಿದ್ದೆ.

"ಹಿಂದೆ ಅಂಕದ ವಿಷಯದಲ್ಲಿ ಎಂತದೋ ಆಗಿತ್ತಂತೆ" ಎಂದರು ಅವರು.

ಶಶಿಪ್ರಭಾ ತೆಂಗಿನಕಾಯಿಯ ಸಂಗತಿ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಜಯಪಾಲ ನಕ್ಕು, ಗೋಡೆಯ ಕಡೆಗೆ ತಿರುಗಿದರು. "ಅದು ಸರಿ. ಮುಂದಿನದ್ದು ಹೇಳಿ. ನಮ್ಮಲ್ಲಿ ದೊಡ್ಡ ಜವಾಬ್ದಾರಿಯ ಕುರ್ಚಿ ಅದು. ಅವಳನ್ನು ನಂಬಬಹುದಾ? ನಿಮ್ಮ ಚಿತ್ರ ಎಂತ ಹೇಳ್ತದೆ?"

ಶಶಿಪ್ರಭಾ ಚಿತ್ರದ ಕಡೆಗೆ ತಿರುಗಿದರು. ಮತ್ತೆ ಅದೇ 'ಗೊತ್ತಿಲ್ಲ' ಬಂತು ಎಂದು ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಚಿತ್ರದ ಮಾತು ಬಿಡಿ. ನಂಬಬಹುದು. ಇದು ನಾನು ಹೇಳ್ತಾ ಇರುವುದು" ಎಂದರು.

ಜಯಪಾಲ ಹೋದ ಮೇಲೆ ಅವರು ಬ್ಯಾಗ್ ಎತ್ತಿಕೊಂಡು, "ಜೂಲಿಯ ಮನೆ ನಿನಗೆ ಗೊತ್ತುಂಟಲ್ಲ? ಬಾ" ಎಂದರು. ಬಿಜೈವರೆಗೆ ನಡೆದೇ ಹೋದೆವು. ದಾರಿಯಲ್ಲಿ ಯಾರ ಬಾಗಿಲು, ಯಾರ ಬೀಗದ ಬಗ್ಗೆಯೂ ಒಂದು ಮಾತಿಲ್ಲ. ಗೆರ್ಟ್ರೂಡ್ ಬಾಯಿ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು, ಬನ್ನಿ ಎನ್ನಲಿಲ್ಲ.

"ಅವತ್ತು ನೀವು ಕೇಳಿದಾಗ, ಇಲ್ಲ, ಜೂಲಿ ಮಾಡ್ಲಿಕ್ಕಿಲ್ಲ ಅಂತ ನಾನು ಹೇಳಬೇಕಿತ್ತು ಅಮ್ಮ" ಎಂದರು ಶಶಿಪ್ರಭಾ. "ನನ್ನ ಹತ್ತಿರ ಕಾರಣ ಇರಲಿಲ್ಲ. ಇಲ್ಲದಿದ್ದರೂ ಹೇಳಬೇಕಿತ್ತು."

ಗೆರ್ಟ್ರೂಡ್ ಬಾಯಿ ಸೆರಗಿನಿಂದ ಕೈ ಒರೆಸಿಕೊಂಡರು.

"ಕಾರಣ ಇತ್ತಲ್ಲ ಮೇಡಂ," ಎಂದರು. "ಅಷ್ಟು ವರ್ಷ ಅವಳು ನಿಮ್ಮ ಪಕ್ಕದಲ್ಲೇ ಕೂತಿದ್ದಳಲ್ಲ."